ವೈರ್‌ಲೆಸ್ ಲಿಂಕಿಗೆ ಬ್ರಿಡ್ಜ್ ತೆಗೆದು ರೂಟಿಂಗ್ ಹಾಕಿದ ನನ್ನ ಅನುಭವ

ಎರಡು ಕಟ್ಟಡ, ಮಧ್ಯೆ ಸುಮಾರು 150 ಮೀಟರ್ ಬಯಲು, ಎಲ್ಲ ಸೇರಿ ಮೂವತ್ತರ ಹತ್ತಿರ ಸಾಧನಗಳು. ಬ್ರಿಡ್ಜ್ ಅಂದ್ರೆ ಎರಡೂ ಕಡೆ ಸೇರಿ ಒಂದೇ ನೆಟ್‌ವರ್ಕ್; ರೂಟಿಂಗ್ ಅಂದ್ರೆ ಎರಡು ಬೇರೆ ನೆಟ್‌ವರ್ಕ್, ಮಧ್ಯೆ ದಾರಿ ತೋರಿಸಲು ರೂಟರ್. ಇಷ್ಟಕ್ಕೆ ರೂಟಿಂಗ್ ಯಾಕೆ, ಬ್ರಿಡ್ಜ್ ಮಾಡಿ ಮುಗಿಸು ಅಂದವರೇ ಜಾಸ್ತಿ. ಈಗ ವರ್ಷದ ಮೇಲಾಯಿತು, ಲಿಂಕ್ ತಂಟೆ ಮಾಡಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಬ್ರಿಡ್ಜೇ. ರೂಟರ್ ಒಂದು ಫೋನಿನ ಹಾಗೆ ವೈಫೈಗೆ ಸೇರುವ ಸಾಮಾನ್ಯ ಕ್ಲೈಂಟ್ ಮೋಡ್‌ನಲ್ಲಿ ಅದರ ಹಿಂದಿನ ಸಾಧನಗಳ ಮ್ಯಾಕ್ (ಹಾರ್ಡ್‌ವೇರ್ ವಿಳಾಸ) ದಾಟಲ್ಲ, ಅದನ್ನು ದಾಟಿಸುವ ಡಬ್ಲ್ಯೂಡಿಎಸ್ ಮೋಡ್ ಬೇಕು. ನನ್ನ ಹತ್ತಿರ ಇದ್ದದ್ದು ಬೇರೆ ಬೇರೆ ಕಂಪನಿಯ ಎರಡು ಹಳೇ ರೂಟರ್. ಅವುಗಳ ಡಬ್ಲ್ಯೂಡಿಎಸ್‌ಗೆ ಒಂದಕ್ಕೊಂದು ಆಗಿಬರಲಿಲ್ಲ. ಎರಡು ಜಾಗವನ್ನಷ್ಟೇ ಜೋಡಿಸುವ ಹೊಸ ಪಾಯಿಂಟ್-ಟು-ಪಾಯಿಂಟ್ ರೇಡಿಯೋ ಜೋಡಿ ತಗೋ ಅಂದರು. ಆ ದುಡ್ಡಿಗೆ ಉಳಿದ ನೆಟ್‌ವರ್ಕ್ ಪೂರ್ತಿ ಎದ್ದು ನಿಲ್ಲುತ್ತಿತ್ತು! ಎರಡಕ್ಕೂ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಿದೆ, ಬ್ರಿಡ್ಜ್ ಎದ್ದಿತು. ಖರ್ಚಾಗಿದ್ದು ಮಳೆಗೆ ತಡೆಯುವ ಡಬ್ಬ ಮತ್ತು ಕೇಬಲ್‌ಗೆ ಮಾತ್ರ.

ಆಮೇಲೆ ಶುರುವಾಯಿತು ನೋಡಿ. ಅದೇ 5 ಗಿಗಾಹರ್ಟ್ಸ್ ರೇಡಿಯೋದಲ್ಲಿ ಫೋನ್‌ಗಳೂ ಇದ್ದವು. ಆ ಕಡೆಯ ಒಂದು ಕ್ಯಾಮೆರಾ ವಿಡಿಯೋವನ್ನು ಮಲ್ಟಿಕಾಸ್ಟ್ ಆಗಿ, ಅಂದ್ರೆ ಒಂದೇ ಸಲ ಹಲವರಿಗೆ, ಬಿಡುತ್ತಿತ್ತು, ಸುಮಾರು 4 ಎಂಬಿಪಿಎಸ್. ಬ್ರಿಡ್ಜ್ ಅದನ್ನು ಫೋನ್‌ಗಳ ಕಡೆಗೂ ಚೆಲ್ಲುತ್ತೆ, ಅದೂ ವೈಫೈಯ ಅತಿ ಕಡಿಮೆ ವೇಗದಲ್ಲಿ (ಬೇಸಿಕ್ ರೇಟ್), ಅಂದ್ರೆ 6 ಎಂಬಿಪಿಎಸ್‌ನಲ್ಲಿ. ಏರ್‌ಟೈಮ್, ಅಂದ್ರೆ ರೇಡಿಯೋಗೆ ಕಳಿಸಲು ಸಿಗುವ ಸಮಯ, ಬಹುಪಾಲು ಅಲ್ಲೇ ಖಾಲಿ. 2-3 ಮಿಲಿಸೆಕೆಂಡ್ ಇದ್ದ ಪಿಂಗ್ (ಹೋಗಿಬರುವ ಸಮಯ) 300 ದಾಟುತ್ತಿತ್ತು. ಸಿಗ್ನಲ್ ಮಾತ್ರ ಚೆನ್ನಾಗೇ ಇತ್ತು, ಅದಕ್ಕೇ ಎಲ್ಲರೂ ಆಂಟೆನಾ ತಿರುಗಿಸು ಅನ್ನುತ್ತಿದ್ದರು. ಲಿಂಕಿನಲ್ಲಿ ಏನೇನು ಹರಿಯುತ್ತೆ ಅಂತ ತೋರಿಸುವ ಟಿಸಿಪಿಡಂಪ್ ಹಾಕಿದ ಮೇಲೆ ಬಂಡವಾಳ ಬಯಲಾಯಿತು. ಮಲ್ಟಿಕಾಸ್ಟನ್ನು ಕೇಳಿದವರಿಗಷ್ಟೇ ಕಳಿಸುವ ಐಜಿಎಂಪಿ ಸ್ನೂಪಿಂಗ್‌ನಿಂದ ವಿಡಿಯೋ ಚೆಲ್ಲುವುದು ನಿಂತಿತು, ಆದರೆ ಸಾಧನಗಳು ಒಂದನ್ನೊಂದು ಹುಡುಕುವ ಎಆರ್‌ಪಿ, ಎಂಡಿಎನ್‌ಎಸ್ ಗದ್ದಲ ಹಾಗೇ ಉಳಿಯಿತು.

ಮಧ್ಯೆ ರಿಲೇಡಿ ಅನ್ನೋ ಸಾಫ್ಟ್‌ವೇರ್ ಹಾಕಿಯೂ ನೋಡಿದೆ. ಬ್ರಿಡ್ಜ್ ಥರ ನಟಿಸುತ್ತೆ, ಆದರೆ ಐಪಿವಿ6 (ಹೊಸ ಥರದ ಐಪಿ ವಿಳಾಸ) ಬರಲಿಲ್ಲ. ಹಲವು ರೂಟರ್‌ಗಳನ್ನು ಬಲೆಯಂತೆ ಜೋಡಿಸುವ ಬ್ಯಾಟ್‌ಮ್ಯಾನ್ ಮೆಶ್ ಕೂಡ ಒಂದು ವಾರಾಂತ್ಯ ತಿಂದಿತು. ಮಜಾ ಇದೆ, ಎರಡೇ ನೋಡ್‌ಗೆ ಅಷ್ಟೆಲ್ಲ ಬೇಡ.

ಕೊನೆಗೆ ರೂಟಿಂಗ್; ಇದರಲ್ಲಿ ಆ ಗದ್ದಲ ರೂಟರ್ ದಾಟಲ್ಲ. ಮೂರು ಬೇರೆ ನೆಟ್‌ವರ್ಕ್ ವಿಳಾಸ: ಈ ಕಡೆ 192.168.10.0/24, ಆ ಕಡೆ 192.168.20.0/24, ಮಧ್ಯದ ಲಿಂಕಿಗೆ 10.0.0.0/30. ಆ ತುದಿಯ ರೂಟರ್ ಸಾಮಾನ್ಯ ಕ್ಲೈಂಟ್, ಡಬ್ಲ್ಯೂಡಿಎಸ್ ರಗಳೆಯೇ ಇಲ್ಲ. ಮುಖ್ಯ ರೂಟರ್‌ನಲ್ಲಿ 20ರ ನೆಟ್‌ವರ್ಕಿಗೆ 10.0.0.2 (ಆ ತುದಿಯ ರೂಟರ್) ಮೂಲಕ ಅಂತ ಒಂದು ಸ್ಟ್ಯಾಟಿಕ್ ರೂಟ್, ಅಂದ್ರೆ ಕೈಯಾರೆ ಬರೆದ ದಾರಿ, ಅಷ್ಟೇ. ಲಿಂಕಿನ ಇಂಟರ್‌ಫೇಸನ್ನು ಮಾತ್ರ ಫೈರ್‌ವಾಲ್‌ನ ವ್ಯಾನ್ (ಹೊರಗಿನ ಇಂಟರ್ನೆಟ್) ಝೋನ್‌ಗೆ ಹಾಕಬೇಡಿ. ಅಲ್ಲಿ ಒಳಗಿನ ವಿಳಾಸ ಮರೆಮಾಡುವ ಮಾಸ್ಕರೇಡ್ ಆನ್ ಇರುತ್ತೆ, ಒಳಬರುವುದೂ ಬಂದ್. ಇಂಟರ್ನೆಟ್ ಓಡುತ್ತೆ, ಈ ಕಡೆಯಿಂದ ಕ್ಯಾಮೆರಾ ಮಾತ್ರ ಸಿಗಲ್ಲ. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬದಲ್ಲಿ ಸ್ಟ್ಯಾಟಿಕ್ ರೂಟ್ ಹಾಕಲು ಬಿಡದಿದ್ದರೆ ಅದರ ಹಿಂದೆ ನಿಮ್ಮದೇ ರೂಟರ್ ಇಡಿ.

ರೂಟ್ ಸರಿ ಇದೆ, ಶೇರ್ ಮಾಡಿದ ಫೋಲ್ಡರ್ ತೆರೆಯಲ್ಲ ಅಂತ ಒಬ್ಬರು ಹೇಳಿದರು. ಅದು ವಿಂಡೋಸ್ ಫೈರ್‌ವಾಲ್ ಕೆಲಸ, ಫೈಲ್ ಶೇರಿಂಗನ್ನು ತನ್ನ ಸಬ್‌ನೆಟ್‌ಗಷ್ಟೇ (ತನ್ನ ಕಡೆಯ ನೆಟ್‌ವರ್ಕಿಗಷ್ಟೇ) ಬಿಡುತ್ತೆ. ನಿಯಮದಲ್ಲಿ ಇನ್ನೊಂದು ಸಬ್‌ನೆಟ್ ಸೇರಿಸಿದರೆ ಆಯಿತು. ಪ್ರಿಂಟರ್ ತಾನಾಗೇ ಕಾಣಲ್ಲ, ಎಂಡಿಎನ್‌ಎಸ್ ರೂಟರ್ ದಾಟಲ್ಲ ಅಲ್ವಾ. ಅದನ್ನು ದಾಟಿಸುವ ಅವಾಹಿ ರಿಫ್ಲೆಕ್ಟರ್ ಹಾಕಬಹುದು. ನಾನು ಸುಮ್ನೆ ಐಪಿ ಕೊಟ್ಟು ಸೇರಿಸಿದೆ.

ಕಟ್ಟಡದ ಒಳಗೆ ಮಾತ್ರ ಬ್ರಿಡ್ಜೇ ಇದೆ, ಬದಲಾಯಿಸಲ್ಲ. ಕೇಬಲ್‌ನಲ್ಲಿರುವ ಎರಡು ಆಕ್ಸೆಸ್ ಪಾಯಿಂಟ್ (ಎಪಿ, ವೈಫೈ ಕೊಡುವ ಸಾಧನ), ಒಂದೇ ಸಬ್‌ನೆಟ್. ಅಲ್ಲಿ ರೂಟ್ ಮಾಡಿದರೆ ಓಡಾಡುವಾಗ ಐಪಿ ಬದಲಾಗಿ ಕರೆ ಕಟ್.

ಈಗ 2.4 ಗಿಗಾಹರ್ಟ್ಸ್‌ನಲ್ಲಿ ಬ್ಯಾಕಪ್ ಲಿಂಕ್ ಕೂಡ ಇದೆ, ಮೆಟ್ರಿಕ್ ಜಾಸ್ತಿ ಕೊಟ್ಟು, ಅಂದ್ರೆ ಮೊದಲ ದಾರಿ ಹೋದರೆ ಮಾತ್ರ ಬಳಸುವ ಹಾಗೆ. ಕ್ಲೈಂಟ್ ಕಡೆ ತಾನಾಗೇ ಬದಲಾಗುತ್ತೆ. ಎಪಿ ಕಡೆ ಇಂಟರ್‌ಫೇಸ್ ಕೆಳಗೆ ಬೀಳಲ್ಲ, ಹಳೇ ರೂಟ್ ಅಲ್ಲೇ ಕೂತಿರುತ್ತೆ. ಅದಕ್ಕೊಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.