ಕಾರವಾರದ ಮಳೆ, ಎರೆಹುಳದ ತೊಟ್ಟಿ: ನನ್ನ ಅನುಭವ

ಎರೆಗೊಬ್ಬರ ಮಾಡುವ ಕ್ರಮವನ್ನು ಹೇಳುವವರೆಲ್ಲರೂ ತೊಟ್ಟಿಗೆ ದಿನವೂ ನೀರು ಚಿಮುಕಿಸಬೇಕು ಎನ್ನುತ್ತಾರೆ. ಬಯಲುಸೀಮೆಗೆ ಅದು ಸರಿಯಾದ ಮಾತು. ಆದರೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೂ ಒಣಗದ ಕಾರವಾರದಲ್ಲಿ ಮೊದಲು ಯೋಚಿಸಬೇಕಾದದ್ದು ತೊಟ್ಟಿಯಿಂದ ನೀರು ಹೊರಗೆ ಹೋಗುವುದು ಹೇಗೆ, ಒಳಗೆ ಗಾಳಿ ಬರುವುದು ಹೇಗೆ ಎಂಬುದನ್ನು. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಅದು ಉಸಿರಾಡುವುದು ಒದ್ದೆಯಾದ ಚರ್ಮದ ಮೂಲಕ. ಚರ್ಮ ಒಣಗಿದರೂ ಅದು ಉಳಿಯುವುದಿಲ್ಲ, ಗಾಳಿಯಾಡದ ಕೆಸರಿನಲ್ಲಿ ಸಿಕ್ಕಿಕೊಂಡರೂ ಉಳಿಯುವುದಿಲ್ಲ. ಕೋಡಿಬಾಗದ ನಮ್ಮ ಮನೆಯಲ್ಲಿ ತೊಟ್ಟಿಯನ್ನು ಹೂಡುವಾಗ ನಾನು ಪ್ರತಿಯೊಂದು ತೀರ್ಮಾನವನ್ನೂ ಇದನ್ನು ನೆನಪಿಟ್ಟುಕೊಂಡೇ ಮಾಡಿದೆ.

ಜಾಗದ ಆಯ್ಕೆಯೇ ಅರ್ಧ ಕೆಲಸ. ಮಳೆಗಾಲದಲ್ಲಿ ಸಮುದ್ರದ ಕಡೆಯಿಂದ ಬೀಸುವ ಗಾಳಿ ಮಳೆಯನ್ನು ಓರೆಯಾಗಿ ಹೊಡೆಯುವುದರಿಂದ, ಪಡುವಣ ಗೋಡೆಯ ಬದಿಗೆ ಮಾಡು ಎಷ್ಟೇ ಮುಂದೆ ಚಾಚಿಕೊಂಡಿದ್ದರೂ ಅದರ ಕೆಳಗೆ ಇಟ್ಟದ್ದು ತೋಯುತ್ತದೆ. ಹಾಗಾಗಿ ನಾನು ಮನೆಯ ಮೂಡಣ ಬದಿಯಲ್ಲಿ, ಬಚ್ಚಲಿನ ಹಿಂದೆ, ಹಂಚಿನ ಮಾಡಿನ ನೀರು ಬೀಳುವ ಗೆರೆಯಿಂದ ಒಳಗೆ ಜಾಗ ಮಾಡಿಕೊಂಡೆ. ಬೆಳಗಿನ ಎಳೆಬಿಸಿಲು ತಾಗದಂತೆ ಒಂದು ಗೋಣಿತಾಟನ್ನು ಇಳಿಬಿಟ್ಟಿದ್ದೇನೆ.

ತೊಟ್ಟಿಗೆ ಅಗಲವಾದ, ಹೆಚ್ಚು ಆಳವಿಲ್ಲದ ಪ್ಲಾಸ್ಟಿಕ್ ಟಬ್ ಸಾಕು. ಗೊಬ್ಬರ ಮಾಡುವ ಹುಳುಗಳು ಮೇಲಿನ ಒಂದಡಿಯೊಳಗೇ ಇರುತ್ತವೆಯಾದ್ದರಿಂದ ಆಳವಾದ ಡ್ರಮ್ಮಿನಿಂದ ಪ್ರಯೋಜನವಿಲ್ಲ. ಅದರ ತಳ ಕೊಳೆತು ನಾರುತ್ತದೆ. ತಳದಲ್ಲಿ ಕಿರುಬೆರಳು ತೂರುವಷ್ಟು ದೊಡ್ಡ ತೂತುಗಳನ್ನು ಒತ್ತೊತ್ತಾಗಿ ಕೊರೆದು, ಬದಿಯ ಮೇಲ್ಭಾಗದಲ್ಲಿ ಸಣ್ಣ ತೂತುಗಳನ್ನು ಮಾಡಿ, ಎರಡಕ್ಕೂ ಸೊಳ್ಳೆಪರದೆಯ ತುಂಡನ್ನು ಅಂಟಿಸಿದೆ. ಟಬ್ಬನ್ನು ನಾಲ್ಕು ಇಟ್ಟಿಗೆಗಳ ಮೇಲೆ ಕೂರಿಸಿ, ಇರುವೆ ಏರದಂತೆ ಪ್ರತಿ ಇಟ್ಟಿಗೆಯನ್ನೂ ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿದ್ದೇನೆ. ಈ ನೀರನ್ನು ವಾರದೊಳಗೆ ಬದಲಿಸಲೇಬೇಕು, ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗಳನ್ನು ನಾವೇ ಸಾಕಿದಂತಾಗುತ್ತದೆ.

ತಳಕ್ಕೆ ತೆಂಗಿನ ಸಿಪ್ಪೆಗಳನ್ನು ಕವುಚಿ ಹಾಕಿ, ಅದರ ಮೇಲೆ ನಾರಿನ ಪುಡಿಯನ್ನು ನಾಲ್ಕು ಬೆರಳಿನಷ್ಟು ಹರಡಿದೆ. ಕರಾವಳಿಯವರು ಇಲ್ಲೊಂದು ಎಚ್ಚರ ವಹಿಸಬೇಕು. ಹಿನ್ನೀರಿನಲ್ಲಿ ಸಿಪ್ಪೆ ಕೊಳೆಸಿ ತೆಗೆದ ನಾರಿನ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ, ಎರೆಹುಳು ಉಪ್ಪನ್ನು ತಾಳುವುದಿಲ್ಲ. ಪುಡಿಯನ್ನು ಬಾವಿನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ, ಹಿಂಡಿದ ನೀರು ನಾಲಿಗೆಗೆ ಚಪ್ಪೆಯಾಗುವವರೆಗೆ ತೊಳೆದ ಮೇಲೆಯೇ ನಾನು ಬಳಸಿದ್ದು. ಕಡಲತೀರದ ಮರಳನ್ನೂ ಇದೇ ಕಾರಣಕ್ಕೆ ತೊಟ್ಟಿಗೆ ಸೇರಿಸಬಾರದು. ಹುಳುವಿನ ಹೊಟ್ಟೆಯಲ್ಲಿ ಆಹಾರ ಅರೆಯಲು ಬೇಕಾಗುವ ಹರಳಿಗೆ ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಉದುರಿಸಿದರೆ ಸಾಕು.

ಹುಳು ಮತ್ತು ಹಳೆಯ ಸಗಣಿ ಬಂದದ್ದು ಶಿರಸಿ ಕಡೆಯ ಅಡಿಕೆ ತೋಟದಿಂದ, ನನ್ನ ಸೋದರಮಾವನ ಗೊಬ್ಬರದ ತೊಟ್ಟಿಯಿಂದ. ಹಸಿ ಸಗಣಿ ಕೊಳೆಯುವಾಗ ಬಿಸಿಯೇರಿ ಹುಳುಗಳನ್ನು ಕೊಲ್ಲುತ್ತದೆ. ಎರಡು ಮೂರು ವಾರ ನೆರಳಿನಲ್ಲಿ ಕಳಿತು ತಣ್ಣಗಾದ ಸಗಣಿಯೇ ಬೇಕು. ತೋಟ ಅಗೆಯುವಾಗ ಸಿಗುವ ಹುಳುಗಳನ್ನು ತಂದು ಬಿಟ್ಟರೆ ಆಗದೇ ಎಂದು ಅನೇಕರು ಕೇಳುತ್ತಾರೆ. ಅವು ಮಣ್ಣಿನ ಆಳದಲ್ಲಿ ಬಿಲ ಕೊರೆದು ಬದುಕುವಂಥವು, ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ಗೊಬ್ಬರಕ್ಕೆ ಒಗ್ಗುವುದು ಮೇಲ್ಪದರದಲ್ಲಿ ಕೊಳೆತದ್ದನ್ನು ತಿನ್ನುವ ಐಸೀನಿಯಾ, ಯೂಡ್ರಿಲಸ್ ಮತ್ತು ನಮ್ಮ ನಾಡಿನದೇ ಆದ ಪೆರಿಯೋನಿಕ್ಸ್ ಜಾತಿಗಳು. ನನ್ನ ತೊಟ್ಟಿಯಲ್ಲಿರುವ ಪೆರಿಯೋನಿಕ್ಸ್ ಇಲ್ಲಿಯ ಸೆಕೆಯನ್ನೂ ತೇವವನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಗುಡುಗು ಮಳೆಯ ರಾತ್ರಿಗಳಲ್ಲಿ ತೊಟ್ಟಿ ಬಿಟ್ಟು ಹೊರಗೆ ಹರಿದುಹೋಗುವುದು ಅದರ ಸ್ವಭಾವ. ಅಂಥ ರಾತ್ರಿ ತೊಟ್ಟಿಯ ಮೇಲೊಂದು ಸಣ್ಣ ದೀಪವನ್ನು ಉರಿಯಲು ಬಿಡುತ್ತೇನೆ; ಬೆಳಕಿಗೆ ಹೆದರಿ ಅವು ಕೆಳಗೇ ಉಳಿಯುತ್ತವೆ.

ಹುಳು ಕೊಡುವಾಗ ಮಾವ ಹೇಳಿದ್ದು ಒಂದೇ ಮಾತು: “ಕೂಸೇ, ನೀರು ಹಾಕುವ ಮೊದಲು ಮುಷ್ಟಿಯಲ್ಲಿ ಹಿಂಡಿ ನೋಡು.” ಒಂದು ಹಿಡಿ ಗೊಬ್ಬರವನ್ನು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ತೇವ ಸರಿಯಾಗಿದೆ. ಧಾರೆಯಾಗಿ ಇಳಿದರೆ ನೀರು ಹೆಚ್ಚಾಯಿತು; ಆಗ ಮಾಡಬೇಕಾದದ್ದು ದರಕು, ಅಂದರೆ ಒಣಗಿದ ಉದುರೆಲೆ, ಸೇರಿಸುವುದು. ಶಿರಸಿ, ಸಿದ್ದಾಪುರದ ತೋಟಿಗರು ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದರ ಹಿಂದೆ ಇರುವ ತಿಳಿವಳಿಕೆಯೂ ಇದೇ: ಒಣ ಎಲೆ ತೇವವನ್ನು ಹೀರುತ್ತದೆ, ನಡುವೆ ಗಾಳಿಗೆ ಜಾಗ ಬಿಡುತ್ತದೆ, ಸಗಣಿಯ ಸಾರಜನಕಕ್ಕೆ ಬೇಕಾದ ಇಂಗಾಲವನ್ನು ಒದಗಿಸುತ್ತದೆ. ಆದ್ದರಿಂದ ಮಾರ್ಚ್, ಏಪ್ರಿಲ್ ತಿಂಗಳಿನಲ್ಲಿಯೇ ಹಲಸು, ಮಾವು, ಗೇರಿನ ಉದುರೆಲೆಗಳನ್ನು ಗುಡಿಸಿ, ಚೀಲಗಳಲ್ಲಿ ತುಂಬಿ, ಅಟ್ಟದ ಮೇಲೆ ಇಡುತ್ತೇನೆ. ಮಳೆಗಾಲದ ಎರೆಗೊಬ್ಬರ ನಿಂತಿರುವುದು ಈ ಚೀಲಗಳ ಮೇಲೆ ಎಂದೇ ನನ್ನ ದೃಢವಾದ ಅಭಿಪ್ರಾಯ. ಕಡಲತೀರದ ಗಾಳಿಮರದ ಎಲೆ ಬೇಕಾದಷ್ಟು ಸಿಗುತ್ತದೆಯಾದರೂ ಬಹಳ ನಿಧಾನವಾಗಿ ಕಳಿಯುವುದರಿಂದ ನಾನು ಅದನ್ನು ತರುವುದಿಲ್ಲ.

ಅಡುಗೆಮನೆಯಿಂದ ಬರುವುದರಲ್ಲಿ ಬಸಳೆಯ ದಂಟು, ಮೊಗೆಕಾಯಿಯ ತಿರುಳು, ಬಾಳೆಹಣ್ಣಿನ ಸಿಪ್ಪೆ, ಚಹಾದ ಗಸಿ ಇವೆಲ್ಲ ಹುಳುಗಳಿಗೆ ಪ್ರಿಯ. ಸಣ್ಣಗೆ ಹೆಚ್ಚಿ ಒಂದು ಮೂಲೆಯಲ್ಲಿ ಹೂತು, ಮೇಲೆ ಅದರ ಎರಡರಷ್ಟು ದರಕು ಮುಚ್ಚುತ್ತೇನೆ. ಮುಂದಿನ ಸಲ ಇನ್ನೊಂದು ಮೂಲೆ. ಕಾಯಿಹಾಲು ಹಿಂಡಿ ಉಳಿದ ತುರಿಯಲ್ಲಿ ಎಣ್ಣೆಯಂಶವಿದ್ದು ಇರುವೆಯನ್ನು ಕರೆಯುತ್ತದೆಯಾದ್ದರಿಂದ ಒಂದು ಹಿಡಿಗಿಂತ ಹೆಚ್ಚು ಹಾಕುವುದಿಲ್ಲ. ಮಿಡಿ ಉಪ್ಪಿನಕಾಯಿಯ ಶೇಷ, ಮುರುಗಲ ಸಿಪ್ಪೆ, ನಿಂಬೆ, ಹಸಿಮೆಣಸು ಸಂಪೂರ್ಣ ವರ್ಜ್ಯ. ಮೀನು ಶುಚಿ ಮಾಡಿದ ಕಸವನ್ನೂ ತೊಟ್ಟಿಗೆ ಹಾಕದೆ ತೆಂಗಿನ ಬುಡದಲ್ಲಿ ಆಳವಾಗಿ ಹೂಳುವುದು ಒಳ್ಳೆಯದು. ಹಲಸಿನ ಕಾಲದಲ್ಲಿ ಇಡೀ ಹಣ್ಣಿನ ದಿಂಡನ್ನು ಒಮ್ಮೆಗೇ ಹಾಕುವ ಆಸೆಯಾಗುತ್ತದೆ, ಆದರೆ ಅದರ ಸಿಹಿ ಹುಳಿತು ತೊಟ್ಟಿ ಬಿಸಿಯಾಗುತ್ತದೆ. ಹುಳುಗಳು ಒಳ್ಳೆಯ ಸ್ಥಿತಿಯಲ್ಲಿ ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನಬಲ್ಲವು ಎನ್ನುವ ಲೆಕ್ಕವಿದೆ. ಅರ್ಧ ಕಿಲೋ ಹುಳುಗಳಿಗೆ ಹೆಚ್ಚೆಂದರೆ ಕಾಲು ಕಿಲೋ.

ಎರಡೂವರೆ ಮೂರು ತಿಂಗಳಿನಲ್ಲಿ ಮೇಲ್ಪದರ ಚಹಾಪುಡಿಯಂತೆ ಕಪ್ಪಾಗಿ, ಹರಳುಹರಳಾಗಿ ಬದಲಾಗುತ್ತದೆ. ಆಗ ಒಂದು ವಾರ ನೀರು ನಿಲ್ಲಿಸಿ, ಗೊಬ್ಬರವನ್ನು ಅಡಿಕೆ ಹಾಳೆಯ ಮೇಲೆ ಗೋಪುರವಾಗಿ ಸುರಿದು ಬೆಳಕಿಗೆ ಇಡುತ್ತೇನೆ. ಹುಳುಗಳು ಕೆಳಗಿಳಿದಂತೆಲ್ಲ ಮೇಲಿನದನ್ನು ಬಳಿದು ತೆಗೆದು ಜರಡಿ ಹಿಡಿಯುತ್ತೇನೆ. ಜರಡಿಯಲ್ಲಿ ಕಾಣುವ ಸಾಸಿವೆ ಗಾತ್ರದ, ತಿಳಿಹಳದಿ ಬಣ್ಣದ ಕಾಳುಗಳು ಮೊಟ್ಟೆಯ ಕೋಶಗಳು. ಅವುಗಳನ್ನು ಒರಟು ಗೊಬ್ಬರದೊಂದಿಗೆ ಮರಳಿ ತೊಟ್ಟಿಗೇ ಹಾಕಬೇಕು, ಕೆಲವು ವಾರಗಳಲ್ಲಿ ಅವುಗಳಿಂದ ಮರಿಗಳು ಹೊರಬರುತ್ತವೆ. ಗೊಬ್ಬರವನ್ನು ಬಿಸಿಲಿಗೆ ಒಣಗಿಸಬಾರದು. ಅದರೊಳಗಿನ ಸೂಕ್ಷ್ಮಜೀವಿಗಳು ನಾಶವಾಗುತ್ತವೆ. ಕೋಡಿಬಾಗದ ಮರಳು ಮಣ್ಣಿನಲ್ಲಿ ನೀರೂ ಸಾರವೂ ನಿಲ್ಲದಿರುವುದರಿಂದ ನಾನು ಇದನ್ನು ಒಮ್ಮೆಗೇ ಸುರಿಯದೆ, ಬಸಳೆ ಚಪ್ಪರಕ್ಕೂ ಮಲ್ಲಿಗೆ ಗಿಡಗಳಿಗೂ ತಿಂಗಳಿಗೊಮ್ಮೆ ಎರಡೆರಡು ಹಿಡಿ ಕೊಟ್ಟು, ಮೇಲೆ ಮಿಕ್ಕ ದರಕನ್ನು ಹೊದಿಸುತ್ತೇನೆ.