ಸ್ಲಿಪ್ಪರ್ ಕ್ಲಚ್: ಕಣಕ್ಕೊಂದು ಸೆಟ್ಟಿಂಗ್, ಕೆರೆಯಂಗಳಕ್ಕೊಂದು

ನಿಮ್ಮ ಆರ್‌ಸಿ (ರಿಮೋಟ್ ಕಂಟ್ರೋಲ್) ಟ್ರಕ್ಕಿನ ಸ್ಪರ್ ಗೇರ್, ಅಂದರೆ ಮೋಟಾರಿನ ಶಕ್ತಿಯನ್ನು ಚಕ್ರದ ಕಡೆ ಸಾಗಿಸುವ ದೊಡ್ಡ ಗೇರಿನ ಹಲ್ಲು ಪದೇ ಪದೇ ಹೋಗುತ್ತಿದೆಯಾ? ಹೊಸ ಗೇರ್ ತರಿಸುವ ಮೊದಲು ಸ್ಲಿಪ್ಪರ್ ಕ್ಲಚ್ ನೋಡಿ, ಲೋಡ್ ಜಾಸ್ತಿಯಾದಾಗ ತಾನು ಜಾರಿ ಗೇರನ್ನು ಉಳಿಸುವ ಭಾಗ ಅದು. ನಮ್ಮ ಚಿಕ್ಕಮಗಳೂರು, ಹಾಸನದ ಕಡೆ ನಾನು ನೋಡಿದ ಟ್ರಕ್‌ಗಳಲ್ಲಿ ಜಾಸ್ತಿಯವು ಆ ಕ್ಲಚ್ಚಿನ ನಟ್ಟನ್ನು ಕೊನೆವರೆಗೂ ಬಿಗಿದುಕೊಂಡೇ ಓಡುತ್ತಿರುತ್ತವೆ. ಟೈಟ್ ಮಾಡಿದರೆ ಪಿಕಪ್ ಜಾಸ್ತಿ ಅನ್ನುವ ನಂಬಿಕೆ. ಸಿಮೆಂಟಿನ ಮೇಲೆ ಅದು ಸ್ವಲ್ಪ ಮಟ್ಟಿಗೆ ನಿಜ ಅನ್ನಿಸಬಹುದು. ಮಣ್ಣಿನ ಮೇಲೆ ಚಕ್ರ ಸುಮ್ನೆ ಸುತ್ತುತ್ತದೆ, ಗಾಡಿಯ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ, ಜಂಪ್ ಆದ ಮೇಲೆ ಏನೋ ಒಂದು ಮುರಿಯುತ್ತದೆ.

ಕೆಲಸ ಸರಳ. ಸ್ಪರ್ ಗೇರ್ ಶಾಫ್ಟಿಗೆ ನೇರವಾಗಿ ಕಚ್ಚಿಕೊಂಡಿರುವುದಿಲ್ಲ. ಎರಡು ಲೋಹದ ಪ್ಲೇಟುಗಳ ನಡುವೆ ಪ್ಯಾಡ್‌ಗಳ ಹಿಡಿತದಲ್ಲಿ ಇರುತ್ತದೆ. ಹೊರಗಿನ ಸ್ಪ್ರಿಂಗ್ ಅವನ್ನು ಒತ್ತಿ ಹಿಡಿಯುತ್ತದೆ, ಎಷ್ಟು ಒತ್ತಬೇಕು ಅನ್ನುವುದನ್ನು ತುದಿಯ ಲಾಕ್ ನಟ್ ತೀರ್ಮಾನಿಸುತ್ತದೆ. ಬೈಕಿನ ಕ್ಲಚ್ ಪ್ಲೇಟ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಗಾಡಿ ಗಾಳಿಯಲ್ಲಿದ್ದಾಗ ನೀವು ಥ್ರಾಟಲ್ ಬಿಡದಿದ್ದರೆ ಚಕ್ರ ಜೋರಾಗಿ ಸುತ್ತುತ್ತಿರುತ್ತದೆ, ನೆಲಕ್ಕೆ ಬಿದ್ದ ಕ್ಷಣ ನೆಲ ಅದನ್ನು ತಡೆಯುತ್ತದೆ, ಮೋಟಾರು ಮಾತ್ರ ಅದೇ ಸ್ಪೀಡಿನಲ್ಲಿ ತಿರುಗಲು ನೋಡುತ್ತದೆ, ಆಗ ಎಲ್ಲೋ ಒಂದು ಕಡೆ ಜಾರಲೇಬೇಕು. ಸ್ಲಿಪ್ಪರ್ ಜಾರಿದರೆ ಸರಿ. ಜಾರದಿದ್ದರೆ ಗೇರಿನ ಹಲ್ಲೋ, ಡ್ರೈವ್ ಶಾಫ್ಟೋ, ಡಿಫೋ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್) ಹೋಗುತ್ತದೆ.

ನಟ್ ಮುಟ್ಟುವ ಮೊದಲು ಎರಡು ವಿಷಯ. ಬ್ಯಾಟರಿ ಕನೆಕ್ಟರ್ ಬಿಚ್ಚಿಡಿ, ಬ್ರಷ್‌ಲೆಸ್ ಮೋಟಾರಿನ ಹತ್ತಿರ ಬೆರಳು ಇಟ್ಟು ಕೆಲಸ ಮಾಡುವಾಗ ಇದರಲ್ಲಿ ಉದಾಸೀನ ಬೇಡ. ಆಮೇಲೆ ಪಿನಿಯನ್ (ಮೋಟಾರಿನ ತುದಿಯ ಚಿಕ್ಕ ಗೇರ್) ಮತ್ತು ಸ್ಪರ್ ನಡುವಿನ ಸಂದು ನೋಡಿ. ನೋಟ್‌ಬುಕ್ ಹಾಳೆಯ ಒಂದು ಪಟ್ಟಿಯನ್ನು ಹಲ್ಲುಗಳ ನಡುವೆ ಸೇರಿಸಿ, ಪಿನಿಯನ್ನನ್ನು ಒತ್ತಿ ಮೋಟಾರ್ ಸ್ಕ್ರೂ ಬಿಗಿಯಿರಿ, ಪಟ್ಟಿ ಹೊರಗೆ ತಿರುಗಿಸಿ ತೆಗೆಯಿರಿ. ಈ ಸಂದು ತಪ್ಪಿದ್ದರೆ ಸ್ಲಿಪ್ಪರ್ ಎಷ್ಟು ಚೆನ್ನಾಗಿ ಕೂರಿಸಿದರೂ ಹಲ್ಲು ಉಳಿಯುವುದಿಲ್ಲ.

ನಿಮ್ಮ ಗಾಡಿಯಲ್ಲಿ ಬಾಲ್ ಡಿಫ್ (ಗೇರಿನ ಬದಲು ಸಣ್ಣ ಬಾಲ್‌ಗಳಿರುವ ಡಿಫ್) ಇದ್ದರೆ ಅದನ್ನು ಮೊದಲು ಸರಿ ಮಾಡಿ. ಸ್ಲಿಪ್ಪರ್ ಯಾವಾಗಲೂ ಡಿಫಿಗಿಂತ ಮೊದಲು ಜಾರಬೇಕು, ಇದು ಬದಲಾಗದ ನಿಯಮ. ಡಿಫ್ ಒಳಗಿನ ಸಣ್ಣ ಬಾಲ್‌ಗಳು ಲೋಡಿನಲ್ಲಿ ಜಾರಿದರೆ ರಿಂಗುಗಳ ಮೇಲೆ ಗೀರು ಬೀಳುತ್ತದೆ, ಆಮೇಲೆ ಎಷ್ಟು ಗ್ರೀಸ್ ಹಾಕಿದರೂ ಅದು ನುಣುಪಾಗಿ ತಿರುಗುವುದಿಲ್ಲ. ಪರೀಕ್ಷೆ ಹೀಗೆ: ಒಂದು ಹಿಂದಿನ ಚಕ್ರವನ್ನೂ ಸ್ಪರ್ ಗೇರನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ, ಇನ್ನೊಂದು ಚಕ್ರ ತಿರುಗಿಸಲು ನೋಡಿ. ತುಂಬಾ ಕಷ್ಟವಾಗಬೇಕು. ಗೇರ್ ಡಿಫ್ ಇರುವವರಿಗೆ ಈ ತಲೆನೋವಿಲ್ಲ.

ಈಗ ನಟ್. 1/10 ಅಳತೆಯ ಟ್ರಕ್‌ಗಳಲ್ಲಿ ಸಾಮಾನ್ಯವಾಗಿ 7 ಅಥವಾ 5.5 ಮಿಮೀ ನಟ್ ಡ್ರೈವರ್ ಸಾಕು. ಕಟಿಂಗ್ ಪ್ಲೇಯರ್ ಹಾಕಿ ನಟ್ಟಿನ ಮೂಲೆ ಸವೆಸಬೇಡಿ. ಸ್ಪ್ರಿಂಗ್ ಪೂರ್ತಿ ಕೂರುವವರೆಗೆ ಬಿಗಿದು, ಅಲ್ಲಿಗೇ ನಿಲ್ಲಿಸಿ, ಒಂದರಿಂದ ಒಂದೂವರೆ ಸುತ್ತು ಸಡಿಲ ಮಾಡಿ. ಇದು ಶುರು ಮಾಡಲು ಮಾತ್ರ. ಕೆಲವು ಗಾಡಿಗಳಲ್ಲಿ ಲೆಕ್ಕ ಬೇರೆ: ನಟ್ ಶಾಫ್ಟಿನ ತುದಿಗೆ ಸಮ ಬಂದಾಗ ಅದೇ ಆರಂಭ. ಮ್ಯಾನ್ಯುಯಲ್ ಒಮ್ಮೆ ತೆರೆದು ನೋಡಿ, ಒಂದು ಪುಟದ ಕೆಲಸ. ಎರಡೂ ಹಿಂದಿನ ಚಕ್ರ ತಿರುಗದಂತೆ ಹಿಡಿದು ಹೆಬ್ಬೆರಳಿನಿಂದ ಸ್ಪರ್ ಗೇರನ್ನು ಮುಂದಕ್ಕೆ ತಳ್ಳಿ. ಬಲ ಹಾಕಿದರೆ ಜಾರಬೇಕು, ಸುಲಭವಾಗಿ ಜಾರಬಾರದು, ಕಲ್ಲಿನಂತೆ ನಿಂತುಬಿಡಲೂ ಬಾರದು.

ನಿಜವಾದ ಸೆಟ್ಟಿಂಗ್ ನೆಲದ ಮೇಲೆ ಕಿವಿಯಿಂದ ಆಗುತ್ತದೆ. ಓಡಿಸುವ ಜಾಗಕ್ಕೇ ಹೋಗಿ, ಗಾಡಿ ನಿಲ್ಲಿಸಿ, ಒಮ್ಮೆಗೇ ಪೂರ್ತಿ ಥ್ರಾಟಲ್ ಕೊಡಿ. ಹೊರಡುವಾಗ ಮೋಟಾರಿನ ಸದ್ದಿನ ಮೇಲೆ ‘ಝೀ’ ಅನ್ನುವ ಇನ್ನೊಂದು ಸದ್ದು ಕೇಳುತ್ತದೆ. ಅದು ಒಂದೆರಡು ಅಡಿಯೊಳಗೆ ನಿಂತರೆ ಸರಿಯಾಗಿದೆ. ಸದ್ದೇ ಇಲ್ಲದೆ ಗಾಡಿಯ ಮುಂಭಾಗ ಮೇಲೆದ್ದರೆ ಅಥವಾ ಬಾಲ ಬೀಸಿದರೆ ತುಂಬಾ ಟೈಟ್. ಸದ್ದು ಐದಾರು ಅಡಿವರೆಗೂ ಹೋಗುತ್ತಿದ್ದರೆ ತಕ್ಷಣ ನಿಲ್ಲಿಸಿ, ಅಷ್ಟು ಜಾರಿದರೆ ಬಿಸಿಗೆ ಪ್ಲಾಸ್ಟಿಕ್ ಸ್ಪರ್ ಮಧ್ಯದಲ್ಲೇ ಕರಗುತ್ತದೆ. ಸುಟ್ಟ ವಾಸನೆ ಬಂದ ಮೇಲೂ ಬ್ಯಾಟರಿ ಮುಗಿಯಲಿ ಅಂತ ಓಡಿಸಬೇಡಿ. ಪ್ರತಿ ಸಲ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಅದರ ಅರ್ಧವಾದರೆ ಇನ್ನೂ ಒಳ್ಳೆಯದು. ಹೊರಡುವಾಗ ‘ಕಿರ್’ ಅಂತ ಒರಟಾಗಿ ಕೇಳಿದರೆ ಜಾರುತ್ತಿರುವುದು ಡಿಫ್ ಇರಬಹುದು. ಸ್ಲಿಪ್ಪರ್ ಸಡಿಲ ಮಾಡಿ ಡಿಫ್ ಮತ್ತೆ ಪರೀಕ್ಷಿಸಿ.

ನಮ್ಮ ಕಡೆ ಇದು ಜಾಸ್ತಿ ಮುಖ್ಯ, ಯಾಕೆಂದರೆ ನಮಗೆ ಒಂದೇ ತರಹದ ನೆಲ ಸಿಗುವುದಿಲ್ಲ. ಕಾಫಿ ಒಣಗಿಸಿ ಖಾಲಿಯಾದ ಸಿಮೆಂಟ್ ಕಣದಲ್ಲಿ ಟೈರ್ ಚೆನ್ನಾಗಿ ಕಚ್ಚುತ್ತದೆ, ಅಲ್ಲಿ ಸ್ವಲ್ಪ ಬಿಗಿ ಇದ್ದರೆ ಗಾಡಿ ನೇರ ಹೊರಡುತ್ತದೆ. ಅದೇ ಗಾಡಿಯನ್ನು ಬೇಸಿಗೆಯಲ್ಲಿ ಅರಸೀಕೆರೆ ಕಡೆಯ ಒಣಗಿದ ಕೆರೆಯಂಗಳಕ್ಕೆ ಇಳಿಸಿ ನೋಡಿ. ಮೇಲಿನ ಪುಡಿ ಮಣ್ಣಿನಲ್ಲಿ ಚಕ್ರಕ್ಕೆ ಹಿಡಿತವೇ ಇಲ್ಲ, ಸ್ವಲ್ಪ ಸಡಿಲ ಮಾಡಿದರೆ ಶಕ್ತಿ ನಿಧಾನಕ್ಕೆ ಚಕ್ರಕ್ಕೆ ಇಳಿದು ಗಾಡಿ ಮುಂದಕ್ಕೆ ಹೋಗುತ್ತದೆ. ಎಸ್ಟೇಟ್ ರಸ್ತೆಯ ಜಲ್ಲಿ ಕೆಂಪು ಮಣ್ಣು ಇವೆರಡರ ನಡುವೆ. ಚಿಕ್ಕಮಗಳೂರಿನಲ್ಲಿ ರ‍್ಯಾಲಿ ನೋಡಿ ಬೆಳೆದವರಿಗೆ ರಸ್ತೆ ಬದಲಾದರೆ ಸೆಟಪ್ಪೂ ಬದಲಾಗುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ ಅಲ್ವಾ? ಜಾಗಕ್ಕೆ ಒಂದರಂತೆ ಎಷ್ಟು ಸುತ್ತು ಅಂತ ಬರೆದಿಟ್ಟುಕೊಳ್ಳಿ, ನಟ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ.

ಮಳೆಗಾಲದ ಮಾತು ಬೇರೆ. ಪ್ಯಾಡ್ ಒದ್ದೆಯಾದರೆ ಸ್ಲಿಪ್ಪರ್ ಜಾಸ್ತಿ ಜಾರುತ್ತದೆ, ಆಗ ಬಿಗಿಯಲು ಕೈ ತುರಿಸುತ್ತದೆ. ಬಿಗಿಯಬೇಡಿ. ಪ್ಯಾಡ್ ಒಣಗಿದ ಮೇಲೆ ಅದೇ ಸೆಟ್ಟಿಂಗ್ ಪೂರ್ತಿ ಲಾಕ್ ಆಗಿರುತ್ತದೆ, ನಿಮಗೆ ಗೊತ್ತಾಗುವುದು ಗೇರ್ ಹೋದಾಗಲೇ. ಕೆಸರಿನಲ್ಲಿ ಓಡಿಸಿದ ದಿನ ಗೇರ್ ಕವರ್ ತೆಗೆದು ಎಲ್ಲ ಬಿಚ್ಚಿ ಒಣಗಿಸಿ. ಸ್ಪರ್ ಒಳಗೆ ಬೇರಿಂಗ್ ಇದ್ದರೆ ಬೆರಳಲ್ಲಿ ತಿರುಗಿಸಿ ನೋಡಿ, ಮರಳು ಸದ್ದು ಬಂದರೆ ಬದಲಿಸಿ.

ಬಿಚ್ಚಿದಾಗ ಪ್ಯಾಡ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅದು ಹಿಡಿತ ಕಳೆದುಕೊಂಡಿದೆ ಅಂತ ಅರ್ಥ. ನುಣುಪು ಎಮರಿ ಪೇಪರನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಪ್ಲೇಟುಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಎಣ್ಣೆ, ಗ್ರೀಸು, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಈ ಜಾಗಕ್ಕೆ ಬೇಡ. ಒರೆಸಿದ ಮೇಲೆ ಪ್ಲೇಟಿನ ಮೇಲೆ ಬೆರಳಿಟ್ಟು ಮತ್ತೆ ಜಿಡ್ಡು ಮಾಡಬೇಡಿ.

ಹೊಸ ಪ್ಯಾಡ್ ಹಾಕಿದ್ದರೆ ಮೊದಲ ಬ್ಯಾಟರಿ ಮುಗಿದ ಕೂಡಲೇ ಮತ್ತೆ ಪರೀಕ್ಷಿಸಿ. ಅವು ಕೂತುಕೊಳ್ಳುತ್ತಾ ಸ್ಪ್ರಿಂಗಿನ ಒತ್ತಡ ಕಡಿಮೆಯಾಗುತ್ತದೆ. ಲಾಕ್ ನಟ್ಟಿನ ನೈಲಾನ್ ಸವೆದು ಬೆರಳಲ್ಲೇ ತಿರುಗುವ ಹಂತಕ್ಕೆ ಬಂದರೆ ಆ ನಟ್ ಎಸೆಯಿರಿ, ಅದು ಓಡುವಾಗ ತಾನಾಗೇ ಸಡಿಲವಾಗುತ್ತದೆ. ಬಿಡಿಭಾಗ ಹೊರಗಿನಿಂದ ಕೊರಿಯರಿನಲ್ಲಿ ಬರುವಷ್ಟು ದಿನ ಗಾಡಿ ನಿಲ್ಲಿಸಬೇಕಾಗುತ್ತದೆ. ಹಾಗಾಗಿ ಮುಂದಿನ ಸಲ ಆರ್ಡರ್ ಮಾಡುವಾಗ ಒಂದು ಸೆಟ್ ಪ್ಯಾಡ್, ಒಂದು ಸ್ಪರ್, ನಾಲ್ಕು ಲಾಕ್ ನಟ್ ಜೊತೆಗೇ ಸೇರಿಸಿ.