ಕರವಸ್ತ್ರದ ಮೇಲೆ ಹೆಸರಿನ ಅಕ್ಷರ: ತಿರುವಿನಲ್ಲಿ ಸೂಜಿ ಸಾಗುವ ಬಗೆ

ಮದುವೆಯ ಉಡುಗೊರೆಗೆಂದು ಕರವಸ್ತ್ರದ ಮೇಲೆ ಹೆಸರಿನ ಮೊದಲ ಅಕ್ಷರವನ್ನು ಕಸೂತಿ ಮಾಡುವ ಹಾಸನದ ಹೆಣ್ಣುಮಕ್ಕಳು ನನ್ನ ಬಳಿ ಬಂದು ಹೇಳುವುದು ಒಂದೇ ಮಾತು: ಇಂಗ್ಲಿಷಿನ ‘ಎಲ್’, ‘ಟಿ’ ಚೆನ್ನಾಗಿ ಬರುತ್ತವೆ, ಕನ್ನಡದ ‘ರ’ ಮಾತ್ರ ಕೆಡುತ್ತದೆ. ಹೊರ ಅಂಚಿನಲ್ಲಿ ಬಟ್ಟೆ ಇಣುಕುತ್ತದೆ, ಒಳ ಅಂಚಿನಲ್ಲಿ ನೂಲು ಗುಡ್ಡೆಯಾಗುತ್ತದೆ. ಅದು ನೂಲಿನ ದೋಷವಲ್ಲ, ಹೊಲಿಗೆಯ ದಿಕ್ಕಿನದು.

ಹತ್ತಿ ಬಟ್ಟೆಯನ್ನು ಮೊದಲೇ ಒಗೆದು, ಇಸ್ತ್ರಿ ಮಾಡಿ, ಒಂದು ಅಂಗುಲ ಎತ್ತರದ ಅಕ್ಷರವನ್ನು ಚೂಪಾದ ಪೆನ್ಸಿಲ್ಲಿನಲ್ಲಿ ಬರೆದು, ಬಟ್ಟೆಯನ್ನು ಹಿಡಿದಿಡುವ ಕಸೂತಿಯ ರಿಂಗಿಗೆ ಬಿಗಿಯಾಗಿ ಹಾಕಿ. ಕಚೇರಿಯ ಕಾರ್ಬನ್ ಹಾಳೆ ಖಂಡಿತ ಬೇಡ. ಅದರ ಮಸಿ ತಿಳಿ ಬಣ್ಣದ ನೂಲಿಗೆ ಹತ್ತುತ್ತದೆ. 6 ಎಳೆಯ ನೂಲಿನಿಂದ ಒಂದೇ ಎಳೆ ಬಿಡಿಸಿಕೊಳ್ಳಿ. ಎರಡು ಎಳೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಆದರೆ ಅಂಚು ಒರಟಾಗುತ್ತದೆ. ಮೊಳಕ್ಕಿಂತ ಉದ್ದದ ನೂಲು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹೊಳಪು ಕಳೆದುಕೊಳ್ಳುತ್ತದೆ. ಅಗ್ಗದ ಕೆಂಪು ನೂಲನ್ನು ನಂಬಿ ನಾನೇ ಒಂದು ಬಿಳಿ ದಿಂಬಿನ ಹೊದಿಕೆಯನ್ನು ಹಾಳು ಮಾಡಿಕೊಂಡಿದ್ದೇನೆ. ನೂಲನ್ನು ಒದ್ದೆ ಮಾಡಿ ಬಿಳಿ ಚಿಂದಿಯ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿಯೇ ಹೊಲಿಯಿರಿ.

ಅಕ್ಷರದ ಎರಡೂ ಅಂಚಿಗೆ ಸಣ್ಣ ಬ್ಯಾಕ್ ಸ್ಟಿಚ್ (ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಮುಂದೆ ಸಾಗುವ ಹೊಲಿಗೆ) ಹಾಕಿ, ನಡುವಿನ ಜಾಗವನ್ನು ಅಕ್ಷರದ ಉದ್ದಕ್ಕೆ, ಕುಣಿಕೆಗೆ ಕುಣಿಕೆ ಕೂಡುವ ಸರಪಣಿ ಹೊಲಿಗೆಯಿಂದ ತುಂಬಿ. ಅಕ್ಷರ ಉಬ್ಬಿ ನಿಲ್ಲುವುದು ಈ ಮೆತ್ತೆಯಿಂದಲೇ. ಗಂಟು ಹಾಕಬೇಡಿ, ನೂಲಿನ ತುದಿಯನ್ನು ಮೆತ್ತೆಯೊಳಗೇ ಅಡಗಿಸಿ.

ಇನ್ನು ಆ ಮೆತ್ತೆಯ ಮೇಲೆ ಅಡ್ಡಲಾಗಿ, ಎಳೆಗಳನ್ನು ಪಕ್ಕಪಕ್ಕಕ್ಕೆ ಒತ್ತಾಗಿ ಕೂರಿಸುವ ಸ್ಯಾಟಿನ್ ಹೊಲಿಗೆ. ‘ರ’ದ ದುಂಡಿನ ಮೇಲೆ ಸೈಕಲ್ ಚಕ್ರದ ಕಡ್ಡಿಗಳಂತೆ ಎಂಟು ಹತ್ತು ಗೆರೆಗಳನ್ನು ಪೆನ್ಸಿಲ್ಲಿನಿಂದ ಎಳೆಯಿರಿ, ಪ್ರತಿ ಹೊಲಿಗೆಯೂ ತನ್ನ ಪಕ್ಕದ ಗೆರೆಯ ವಾಲನ್ನೇ ಅನುಸರಿಸಬೇಕು. ಸೂಜಿ ಹೊರ ಅಂಚಿನಲ್ಲಿ, ಬ್ಯಾಕ್ ಸ್ಟಿಚ್ಚಿನ ಆಚೆ ಬದಿಗೆ ಮೇಲೆ ಬಂದು, ಒಳ ಅಂಚಿನಲ್ಲಿ ಕೆಳಗಿಳಿಯಲಿ. ಹೊರಗೆ ಎಳೆಗಳು ಒತ್ತಾಗಿ ಕೂರುವಾಗ ಒಳಗೆ ಜಾಗ ಸಾಲುವುದಿಲ್ಲವಾದ್ದರಿಂದ, ಎರಡು ಪೂರ್ತಿ ಹೊಲಿಗೆಗಳ ನಂತರದ ಮೂರನೆಯದನ್ನು ಒಳ ಅಂಚಿನವರೆಗೆ ಒಯ್ಯದೆ, ಮುಕ್ಕಾಲು ದಾರಿಯಲ್ಲಿ ಹಿಂದಿನ ಎಳೆಯ ಅಡಿಗೆ ಸೂಜಿ ತೂರಿಸಿ ಇಳಿಸಿ. ಮುಂದಿನ ಪೂರ್ತಿ ಹೊಲಿಗೆ ಆ ತುದಿಯನ್ನು ಮುಚ್ಚಿಬಿಡುತ್ತದೆ. ನೂಲನ್ನು ಜಗ್ಗಬೇಡಿ, ಬಟ್ಟೆಗೆ ತಾಗಿ ಮಲಗಿದರೆ ಸಾಕು. ತಲೆಕಟ್ಟನ್ನು ಕೊನೆಗೆ ಹೊಲಿಯಿರಿ.

ಚಿಕ್ಕಮಗಳೂರಿನ ಕಡೆಯ ಮಳೆಗಾಲದಲ್ಲಿ ಸೂಜಿಯನ್ನು ರಾತ್ರಿ ಬಟ್ಟೆಯಲ್ಲೇ ಬಿಟ್ಟರೆ ತುಕ್ಕಿನ ಕಲೆ ಕೂರುತ್ತದೆ, ರಿಂಗನ್ನೂ ಬಿಚ್ಚಿಡಿ. ಮುಗಿದ ಮೇಲೆ ದಪ್ಪ ಟವೆಲಿನ ಮೇಲೆ ಅಕ್ಷರವನ್ನು ಬೋರಲು ಹಾಕಿ, ಹಿಂಬದಿಯಿಂದ ಇಸ್ತ್ರಿ ಮಾಡಿ.